ಜಿಪ್ಸಿ ಸ್ಟೀರಿಂಗ್ ನಡುಗಿದ್ರೆ ಮೊದ್ಲು ಎಲ್ಲಿ ಕೈ ಹಾಕ್ಬೇಕು

ನಮ್ ಮೂಡಿಗೆರೆ, ಸಕಲೇಶಪುರ ಕಡೆ ತೋಟ ಇರೋರ ಶೆಡ್ಡಲ್ಲಿ ಒಂದು ಹಳೇ ಮಾರುತಿ ಜಿಪ್ಸಿ ನಿಂತಿರೋದು ಹೊಸದೇನಲ್ಲ. 1985ರಲ್ಲಿ ಬಂದ 970 ಸಿಸಿದು ಇರ್ಬೋದು, 1996ರ ಮೇಲಿನ 1298 ಸಿಸಿ ಜಿಪ್ಸಿ ಕಿಂಗ್ ಇರ್ಬೋದು, 2000ದ ನಂತರದ ಎಂಪಿಎಫ್ಐ (ಕಾರ್ಬುರೇಟರ್ ಬದ್ಲು ಇಂಜೆಕ್ಷನ್ ಇರೋದು) ಇರ್ಬೋದು, ಇಂಜಿನ್ ಬೇರೆ ಬೇರೆ ಆದ್ರೂ ಮುಂದಿನ ಆಕ್ಸಲ್ ಕಥೆ ಹೆಚ್ಚುಕಮ್ಮಿ ಒಂದೇ. ಅದಕ್ಕೇ ಇಂಜಿನ್‌ಗೆ ದುಡ್ಡು ಸುರಿಯೋಕೆ ಮುಂಚೆ ಒಂದ್ಸಲ ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿ ಅನ್ನೋದು ನನ್ ಮಾತು.

ನನಗೆ ಇದು ಗೊತ್ತಾಗಿದ್ದು ಬೇಲೂರಿಂದ ಹಾಸನಕ್ಕೆ ಹೋಗುವಾಗ, ಹಗರೆ ಹತ್ರ. 60ರ ಸ್ಪೀಡಲ್ಲಿ ಒಂದು ಸಣ್ಣ ಗುಂಡಿ ಇಳೀತು ನೋಡಿ, ಸ್ಟೀರಿಂಗ್ ಎರಡೂ ಕಡೆ ಹುಚ್ಚು ಹಿಡಿದಂಗೆ ಬಡ್ಕೊಳ್ಳೋಕೆ ಶುರು ಮಾಡ್ತು, 20ಕ್ಕೆ ಇಳಿಸೋ ತನಕ ನಿಲ್ಲಲೇ ಇಲ್ಲ, ಪಕ್ಕದಲ್ಲಿ ಕೂತಿದ್ದ ಭಾವ ಮಾತೇ ಬಿಟ್ಟಿದ್ರು. ಇದಕ್ಕೆ ವಾಬ್ಲಿಂಗ್ ಅಂತಾರೆ. ಗ್ಯಾರೇಜಲ್ಲಿ ಮೊದ್ಲು ವೀಲ್ ಬ್ಯಾಲೆನ್ಸಿಂಗ್ ಮಾಡಿದ್ರು, ಆಮೇಲೆ ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿದ್ರು, ಎರಡು ತಿಂಗಳು ಸುಮ್ನಿತ್ತು, ಮತ್ತೆ ಅದೇ ರಾಗ. ಡ್ಯಾಂಪರ್ ನಡುಕಾನ ಮುಚ್ಚಿಡತ್ತೆ ಅಷ್ಟೇ, ರೋಗ ಒಳಗೇ ಇರತ್ತೆ. ನನ್ ಗಾಡೀಲಿ ಅದು ಕಿಂಗ್‌ಪಿನ್ ಬೇರಿಂಗ್ ಆಗಿತ್ತು, ಅಂದ್ರೆ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗೋಕೆ ಆಧಾರ ಆಗಿರೋ ಪಿನ್ನಿನ ಬೇರಿಂಗು.

ನೋಡೋದು ಹೀಗೆ. ಸಮ ಜಾಗದಲ್ಲಿ ಗಾಡಿ ನಿಲ್ಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ, ಮುಂದಿನ ಆಕ್ಸಲ್ ಜಾಕಲ್ಲಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರ್ಸಿ, ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕ್ಬೇಡಿ ಮಾರಾಯ್ರೆ. ಟೈರಿನ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಒಳಗೆ ಹೊರಗೆ ಅಲ್ಲಾಡ್ಸಿ. ಆಟ ಇದೆ, ಅಂದ್ರೆ ಸಡಿಲ ಇದೆ ಅನ್ಸಿದ್ರೆ ಮನೇಲಿ ಯಾರನ್ನಾದ್ರೂ ಕರೆದು ಬ್ರೇಕ್ ತುಳಿದು ಹಿಡ್ಕೊಳೋಕೆ ಹೇಳಿ, ಮತ್ತೆ ಅಲ್ಲಾಡ್ಸಿ. ಬ್ರೇಕ್ ತುಳಿದಾಗ ಆಟ ನಿಂತ್ರೆ ವೀಲ್ ಬೇರಿಂಗ್ ಲೂಸು, ಅದನ್ನ ಟೈಟ್ ಮಾಡಿದ್ರೆ ಮುಗೀಬಹುದು. ತುಳಿದ್ರೂ ಕಟಕಟ ಅಂತಿದ್ರೆ ಕಿಂಗ್‌ಪಿನ್. ಎಡಬಲ ಹಿಡಿದು ಅಲ್ಲಾಡ್ಸಿದಾಗ ಮಾತ್ರ ಆಟ ಬಂದ್ರೆ ಟೈ ರಾಡ್ (ಎರಡೂ ಮುಂದಿನ ಚಕ್ರನ ಜೋಡ್ಸೋ ಸ್ಟೀರಿಂಗ್ ಸರಳು) ಎಂಡ್ ಕಡೆ ನೋಡಿ. ಲೀಫ್ ಸ್ಪ್ರಿಂಗ್ ಬುಷ್ ಸವೆದಿದ್ರೂ, ಸ್ಪ್ರಿಂಗನ್ನ ಆಕ್ಸಲ್‌ಗೆ ಕಟ್ಟಿರೋ ಯು ಬೋಲ್ಟ್ ಲೂಸ್ ಆಗಿದ್ರೂ ನಡುಗತ್ತೆ, ಅದನ್ನೂ ಆವಾಗ್ಲೇ ನೋಡ್ಕೊಂಡ್ಬಿಡಿ, ಹೆಂಗೂ ಕೆಳಗೆ ಮಲಗಿರ್ತೀರಲ್ಲ.

ಆಕ್ಸಲ್ ತುದೀಲಿ ಗುಂಡಗೆ ಚೆಂಡಿನ ಥರ ಇದೆಯಲ್ಲ, ಅದರ ಮೇಲೊಂದು ಕೆಳಗೊಂದು ಕಿಂಗ್‌ಪಿನ್, ಒಂದೊಂದಕ್ಕೆ ನಾಲ್ಕು ಬೋಲ್ಟು, ಒಳಗೆ ಟೇಪರ್ ಬೇರಿಂಗ್. ಚೆಂಡಿನ ಹಿಂದೆ ಇರೋ ಸೀಲ್ ಹರಿದ್ರೆ ನಮ್ಮ ಮಳೆಗಾಲದ ಕೆಸರೆಲ್ಲ ಒಳಗೆ, ಗ್ರೀಸ್ ಹೋಗಿ ಅಂಬಲಿ ಆಗಿರತ್ತೆ, ಬೇರಿಂಗ್ ತುಕ್ಕು ತಿಂದಿರತ್ತೆ. ಬಿಚ್ಚುವಾಗ ಪಿನ್ ಅಡಿ ತೆಳ್ಳಗಿನ ಶಿಮ್ (ಲೋಹದ ತಗಡು) ಬರತ್ತೆ, ಮೇಲಿಂದು ಮೇಲೆ ಕೆಳಗಿಂದು ಕೆಳಗೆ ಅಂತ ಬೇರೆ ಬೇರೆ ಪೇಪರಲ್ಲಿ ಸುತ್ತಿ ಬರೆದಿಡಿ, ಇಲ್ಲಿ ತಪ್ಪು ಮಾಡಿದ್ರೆ ಎಲ್ಲಾ ತಿರುಗಿ ಬಿಚ್ಬೇಕು. ಬೇರಿಂಗ್ ಜೊತೆ ಅದು ಕೂರೋ ಬಳೆ, ಅಂದ್ರೆ ಕಪ್ ಕೂಡ ಹೊಸದು ಹಾಕ್ಸಿ, ಹಳೇ ಕಪ್ಪಲ್ಲಿ ಹೊಸ ಬೇರಿಂಗ್ ಕೂರ್ಸಿದ್ರೆ ಬೇಗ ಹಾಳಾಗತ್ತೆ. ಸೀಲ್ ಕೂಡ ಅವತ್ತೇ ಬದಲಾಯ್ಸಿ. ಸೀಲ್ ಮತ್ತು ಟೈ ರಾಡ್ ಹಾಕೋ ಮುಂಚೆ ಸ್ಟೀರಿಂಗ್ ನಕಲ್ (ಚಕ್ರ ಹೊತ್ತು ಕಿಂಗ್‌ಪಿನ್ ಮೇಲೆ ತಿರುಗೋ ಭಾಗ) ಕೈಯಲ್ಲಿ ತಿರುಗ್ಸಿ ನೋಡಿ, ಸ್ವಲ್ಪ ಬಿಗಿ ಇದ್ದು ಎಲ್ಲೂ ಸಿಕ್ಕಾಕೊಳ್ದೆ ತಿರುಗ್ಬೇಕು. ತೀರಾ ಸಲೀಸಾಗಿ ಬೀಳೋ ಥರ ತಿರುಗಿದ್ರೆ ಒಂದು ತೆಳು ಶಿಮ್ ತೆಗೀರಿ, ಬಿಗಿ ಆಗತ್ತೆ. ನೂರಿನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಆ ಬೋಲ್ಟ್‌ಗಳಿಗೆ ಇನ್ನೊಂದ್ಸಲ ಸ್ಪ್ಯಾನರ್ ಹಾಕಿ.

ಇನ್ನೊಂದು. ಆ ಚೆಂಡಿಂದ ಗ್ರೀಸ್ ಬದ್ಲು ತೆಳ್ಳಗೆ ಗೇರ್ ಆಯಿಲ್ ಸೋರ್ತಿದ್ರೆ ಒಳಗಿನ ಆಕ್ಸಲ್ ಸೀಲ್ ಹೋಗಿದೆ. ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರಿನ ಗುಂಡು) ಮೇಲೆ ಗಾಳಿ ಆಡೋಕಿರೋ ಬ್ರೀದರ್‌ನಲ್ಲಿ ಮಣ್ಣು ಕಟ್ಕೊಂಡ್ರೂ ಹೀಗಾಗತ್ತೆ, ಬಿಸಿಯಾದ ಗಾಳಿಗೆ ಹೋಗೋಕೆ ದಾರಿ ಇಲ್ದೆ ಸೀಲ್ ತಳ್ಕೊಂಡು ಬರತ್ತೆ. ಬಿಸಿ ಇರುವಾಗ್ಲೇ ಹಳ್ಳಕ್ಕೆ ಇಳಿಸಿದ್ರೆ ಉಲ್ಟಾ, ತಣ್ಣಗಾಗ್ತಾ ನೀರನ್ನ ಒಳಗೆ ಎಳ್ಕೊಳತ್ತೆ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ ಅಂತಲೇ, ಎಲ್ಲಾ ಇಳಿಸಿ 80ಡಬ್ಲ್ಯೂ-90 ಗೇರ್ ಆಯಿಲ್ ಹಾಕಿ. ಆದ್ರೆ ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚೋ ಮುಂಚೆ ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚತ್ತಾ ನೋಡಿ! ಆಯಿಲ್ ಪೂರಾ ಇಳಿಸಿ, ಆಮೇಲೆ ತುಂಬೋ ಬೋಲ್ಟ್ ತುಕ್ಕು ಹಿಡಿದು ಬರ್ದೆ ಗಾಡಿ ಶೆಡ್ಡಲ್ಲೇ ವಾರ ಕೂತಿದ್ದು ನಂದೇ.

ಕಾರ್ಬುರೇಟರ್ ಗಾಡಿ ಆದ್ರೆ, ಮುಳ್ಳಯ್ಯನಗಿರಿ ಏರಲ್ಲಿ ಉಸಿರು ಕಟ್ಟಿದಂಗೆ ಮಾಡಿ ನಿಂತ್ರೆ ಎಲ್ಲರೂ ಕಾರ್ಬುರೇಟರ್ ಬಿಚ್ಚೋಕೆ ಓಡ್ತಾರೆ. ತಡೀರಿ. ತಿಂಗಳುಗಟ್ಲೆ ನಿಂತ ಗಾಡಿ ಟ್ಯಾಂಕಲ್ಲಿ ತುಕ್ಕಿನ ಪುಡಿ ಇರತ್ತೆ, ಅದು ಪೆಟ್ರೋಲ್ ಫಿಲ್ಟರ್ ಕಟ್ಟತ್ತೆ, ಫಿಲ್ಟರ್ ಅಗ್ಗ, ಮೊದ್ಲು ಅದನ್ನ ಹಾಕಿ ನೋಡಿ. ಐಡ್ಲಿಂಗಲ್ಲಿ ಮಾತ್ರ ಇಂಜಿನ್ ಆಫ್ ಆಗ್ತಿದೆ ಅಂದ್ರೆ, ಸೊಲೆನಾಯ್ಡ್ (ಕರೆಂಟಲ್ಲಿ ಪೆಟ್ರೋಲ್ ದಾರಿ ತೆಗೆಯೋ ವಾಲ್ವ್) ಇರೋ ಕಾರ್ಬುರೇಟರ್ ಆದ್ರೆ ಕೀ ಆನ್ ಮಾಡಿದಾಗ ಟಿಕ್ ಅನ್ನತ್ತಾ ಕಿವಿಗೊಟ್ಟು ಕೇಳಿ, ಅನ್ನಲಿಲ್ಲ ಅಂದ್ರೆ ವೈರು ಬಿಟ್ಟಿರತ್ತೆ ಇಲ್ಲಾ ಸೊಲೆನಾಯ್ಡೇ ಹೋಗಿರತ್ತೆ. ಸೆಕೆಂಡ್ ಹ್ಯಾಂಡ್ ತಗೊಂಡ ಗಾಡೀಲಿ ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅಂತ ಗೊತ್ತಿಲ್ದಿದ್ರೆ ಯೋಚನೆ ಮಾಡ್ದೆ ಬದಲಾಯ್ಸಿ, ಚಾರ್ಮಾಡಿಲಿ ರಾತ್ರಿ ಹೊತ್ತು ಕಟ್ಟಾದ್ರೆ ಯಾರೂ ಸಿಗಲ್ಲ.

ಗೇರ್ ಹಾಕಿ ಕ್ಲಚ್ ಬಿಟ್ಟಾಗ ಕೆಳಗೆ ಧಡ್ ಅಂದ್ರೆ ಗೇರ್‌ಬಾಕ್ಸ್ ಹೋಯ್ತು ಅನ್ಕೋಬೇಡಿ, ಟ್ರಾನ್ಸ್‌ಫರ್ ಕೇಸ್ (ಹಿಂದೆ ಮುಂದೆ ಎರಡೂ ಆಕ್ಸಲ್‌ಗೆ ಶಕ್ತಿ ಹಂಚೋ ಪೆಟ್ಟಿಗೆ) ರಬ್ಬರ್ ಮೌಂಟ್ ಹರಿದಿರತ್ತೆ ಅಥವಾ ಅಲ್ಲಿಂದ ಆಕ್ಸಲ್‌ಗೆ ಹೋಗೋ ಪ್ರೊಪೆಲ್ಲರ್ ಶಾಫ್ಟಿನ ಕೀಲು, ಅಂದ್ರೆ ಕ್ರಾಸ್ ಸವೆದಿರತ್ತೆ. ಕ್ರಾಸ್‌ಗೆ ಮಳೆಗಾಲಕ್ಕೆ ಮುಂಚೆ ಒಂದ್ಸಲ, ಮುಗಿದ ಮೇಲೆ ಒಂದ್ಸಲ ಗ್ರೀಸ್ ಹೊಡೀರಿ.

ಇನ್ನು ಫೋರ್ ವೀಲ್ ಹಾಕಿದ್ರೂ ಮುಂದಿನ ಚಕ್ರ ಎಳೀತಿಲ್ಲ ಅನ್ನೋರು ಮೊದ್ಲು ಇಳಿದು ಹೋಗಿ ಮುಂದಿನ ಚಕ್ರದ ನಡುವೆ ಇರೋ ಹಬ್ ನೋಡಿ. ಕೈಯಲ್ಲಿ ತಿರುಗ್ಸೋ ಹಬ್ ಎರಡೂ ಕಡೆ ಲಾಕ್‌ನಲ್ಲಿ ಇರ್ಬೇಕು, ಒಂದು ಕಡೆ ಮರೆತ್ರೂ ಆ ಆಕ್ಸಲ್ ಎಳೆಯಲ್ಲ. ವರ್ಷಗಟ್ಲೆ ಮುಟ್ಟದೆ ಇದ್ರೆ ಒಳಗೆ ಗ್ರೀಸ್ ಒಣಗಿ ತಿರುಗೋದೇ ಇಲ್ಲ, ಪ್ಲೈಯರ್ ಹಾಕಿ ತಿರುಚಿದ್ರೆ ಡಯಲ್ ಮುರಿಯತ್ತೆ, ಬಿಚ್ಚಿ ತೊಳೆದು ಸ್ವಲ್ಪವೇ ಹೊಸ ಗ್ರೀಸ್ ಹಚ್ಚಿ ಕೂರ್ಸಿ. ಆಮೇಲೆ ತಿಂಗಳಿಗೊಂದ್ಸಲ ಲಾಕ್ ಮಾಡಿ ಫೋರ್ ವೀಲ್ ಹಾಕಿ ತೋಟದ ಮಣ್ಣು ದಾರೀಲಿ ಒಂದು ರೌಂಡ್ ಹೊಡೀರಿ, ಟಾರ್ ರೋಡಲ್ಲೂ ಬೇಡ, ಕಾಫಿ ಒಣಗ್ಸೋ ಸಿಮೆಂಟ್ ಕಣದಲ್ಲೂ ಬೇಡ, ಅಲ್ಲಿ ಚಕ್ರ ಜಾರಲ್ಲ, ಲೋಡೆಲ್ಲಾ ಗೇರಿನ ಮೇಲೆ ಬಿದ್ದು ಲಿವರ್ ವಾಪಸ್ ಟೂ ವೀಲ್‌ಗೆ ಬರಲ್ಲ ಅಂತ ಹಠ ಹಿಡಿಯತ್ತೆ. ಹಂಗೇನಾದ್ರೂ ಸಿಕ್ಕಾಕೊಂಡ್ರೆ ಲಿವರ್ ಜೊತೆ ಗುದ್ದಾಡ್ಬೇಡಿ, ನಾಲ್ಕು ಮಾರು ನೆಟ್ಟಗೆ ರಿವರ್ಸ್ ತಗೊಳ್ಳಿ, ತಾನೇ ಸಡಿಲ ಆಗತ್ತೆ.