ಹಾಲಿನ ಡೇರಿಯಿಂದ ಡರ್ಖೀಮ್‌ವರೆಗೆ: ಪಿಯು ಮಕ್ಕಳಿಗೆ ಸಿದ್ಧಾಂತ ಕಲಿಸಿದ ನನ್ನ ಅನುಭವ

ಮಂಡ್ಯ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ 14 ವರ್ಷದಿಂದ ಸಮಾಜಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಆರ್ಟ್ಸ್ ತಗೊಂಡ ಮಕ್ಕಳು. ಹೆಚ್ಚಿನವರು ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ತಿಂಡಿ ತಿಂದು, ಬಸ್ಸು ಹಿಡಿದು ಬರುವವರು. ಮೊದಲ ಮೂರು ವರ್ಷ ನಾನು ಕಲಿಸಿದ್ದು ಹೀಗೆ: ಬೋರ್ಡಿನ ಮೇಲೆ ನಾಲ್ಕು ಗೆರೆ ಎಳೆಯುವುದು. ಹೆಸರು, ಹುಟ್ಟಿದ ವರ್ಷ, ಬರೆದ ಪುಸ್ತಕ, ಸಿದ್ಧಾಂತ. ಸಮಾಜಶಾಸ್ತ್ರಕ್ಕೆ ಬುನಾದಿ ಹಾಕಿದ ಚಿಂತಕರು: ಕಾಮ್ಟ್, ಮಾರ್ಕ್ಸ್, ಡರ್ಖೀಮ್, ವೆಬರ್. ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಳ್ಳುತ್ತಿದ್ದರು. ನಾನೂ ಪಾಠ ಆಯಿತು ಅಂದುಕೊಳ್ಳುತ್ತಿದ್ದೆ.

ಒಂದು ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ಕಣ್ಣು ತೆರೆಯಿತು. ಡರ್ಖೀಮ್ 1893ರ ಪುಸ್ತಕದಲ್ಲಿ ಹೇಳಿದ ಎರಡು ಬಗೆಯ ಐಕ್ಯತೆಯ, ಅಂದರೆ ಜನರನ್ನು ಒಟ್ಟಿಗೆ ಹಿಡಿದಿಡುವ ನಂಟಿನ ಬಗ್ಗೆ ಪ್ರಶ್ನೆ ಕೊಟ್ಟಿದ್ದೆ. ತರಗತಿಯ ಅರ್ಧಕ್ಕಿಂತ ಜಾಸ್ತಿ ಮಕ್ಕಳು ತಿರುಗುಮುರುಗಾಗಿ ಬರೆದಿದ್ದರು. ಯಾಂತ್ರಿಕ ಐಕ್ಯತೆ ಪಟ್ಟಣದಲ್ಲಿ, ಸಾವಯವ ಐಕ್ಯತೆ ಹಳ್ಳಿಯಲ್ಲಿ ಅಂತ. ಮೊದಲು ಬೇಜಾರಾಯಿತು. ಆಮೇಲೆ ಒಬ್ಬ ಹುಡುಗನನ್ನು ಕರೆದು ಕೇಳಿದೆ. ಉತ್ತರ ತಪ್ಪಾದರೂ ಅವನು ಕೊಟ್ಟ ಕಾರಣದಲ್ಲಿ ನ್ಯಾಯ ಇತ್ತು: "ಯಂತ್ರ ಇರೋದು ಫ್ಯಾಕ್ಟರಿಲಿ ಅಲ್ವಾ ಮೇಡಂ? ಸಾವಯವ ಅಂದ್ರೆ ಗೊಬ್ಬರ, ಹೊಲ. ಅದು ಹಳ್ಳಿ ತಾನೇ?"

ಅವನು ತನಗೆ ಗೊತ್ತಿರುವ ಕನ್ನಡ ಬಳಸಿ ಯೋಚಿಸಿದ್ದ. ನಾನು ಆ ಪದಗಳನ್ನು ಬಿಡಿಸಿ ಹೇಳಿರಲೇ ಇಲ್ಲ. ಪದ ಬೋರ್ಡಿನಿಂದ ನೋಟ್‌ಬುಕ್ಕಿಗೆ ಹೋಗಿತ್ತು, ಅಷ್ಟೇ.

ಮಾರನೆಯ ದಿನ ಒಂದು ಸೇರು ರಾಗಿ ತೆಗೆದುಕೊಂಡು ಹೋದೆ. ಮೇಜಿನ ಮೇಲೆ ಸುರಿದೆ. ಒಂದು ಹಿಡಿ ತೆಗೆದು ಪಕ್ಕಕ್ಕಿಟ್ಟೆ. "ರಾಶಿ ಕೆಟ್ಟಿತಾ?" ಇಲ್ಲ ಅಂದರು. ಎಲ್ಲ ಕಾಳೂ ಒಂದೇ ಥರ, ಅದಕ್ಕೇ ಅವು ಒಟ್ಟಿಗೆ ಕೂತಿವೆ. ಒಂದು ಹೋದರೆ ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ. ಎಲ್ಲರೂ ಒಂದೇ ಕಸುಬು, ಒಂದೇ ನಂಬಿಕೆ, ಒಂದೇ ನಡೆನುಡಿ ಇರುವ ಕಡೆ ಜನರನ್ನು ಹಿಡಿದಿಡುವುದು ಈ ಹೋಲಿಕೆಯೇ. ಅದು ಯಾಂತ್ರಿಕ ಐಕ್ಯತೆ. ಆಮೇಲೆ ಕೇಳಿದೆ, "ಹಸುವಿನ ಒಂದು ಕಾಲು ಮುರಿದರೆ?" ಉತ್ತರ ಬೇಕಾಗಲೇ ಇಲ್ಲ. 'ಸಾವಯವ' ಅನ್ನುವುದನ್ನು ಬೋರ್ಡಿನ ಮೇಲೆ ಒಡೆದು ಬರೆದೆ: ಸ, ಅವಯವ. ಅವಯವಗಳಿಂದ ಕೂಡಿದ್ದು. ಕಣ್ಣಿನ ಕೆಲಸ ಬೇರೆ, ಕಾಲಿನ ಕೆಲಸ ಬೇರೆ. ಬೇರೆ ಬೇರೆ ಆಗಿರುವುದಕ್ಕೇ ಒಂದಕ್ಕೊಂದು ಬೇಕು. ಆ ವರ್ಷ ಮತ್ತೆ ಯಾರೂ ತಿರುಗಿಸಿ ಬರೆಯಲಿಲ್ಲ.

ಆವತ್ತೇ ಒಂದು ತೀರ್ಮಾನ ಮಾಡಿದೆ. ಒಂದೊಂದು ಸಿದ್ಧಾಂತಕ್ಕೆ ಒಂದೊಂದು ಉದಾಹರಣೆ ಹುಡುಕುವ ಬದಲು, ಇಡೀ ವರ್ಷಕ್ಕೆ ಒಂದೇ ಜಾಗ ಇಟ್ಟುಕೊಳ್ಳಬೇಕು. ಎಲ್ಲ ಮಕ್ಕಳಿಗೂ ಗೊತ್ತಿರುವ ಜಾಗ. ನಮ್ಮ ಕಡೆ ಅದು ಹಾಲಿನ ಡೇರಿ, ಅಂದರೆ ಊರಿನ ಹಾಲು ಉತ್ಪಾದಕರ ಸಂಘ. ಜೂನ್‌ನಲ್ಲಿ ಮೊದಲ ಕೆಲಸವೇ ಇದು: ಒಂದು ವಾರ ಡೇರಿಯಲ್ಲಿ ನಡೆಯುವುದನ್ನೆಲ್ಲ ನೋಡಿ ಬರೆದುಕೊಂಡು ಬನ್ನಿ. ಯಾರು ಬರುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಯಾರು ಯಾರ ಜೊತೆ ಮಾತಾಡುತ್ತಾರೆ, ಯಾರು ಏನು ಕೆಲಸ ಮಾಡುತ್ತಾರೆ. ಸಿದ್ಧಾಂತದ ಮಾತೇ ಇಲ್ಲ. ಡೇರಿ ಇಲ್ಲದ ಊರಿನವರು ರೇಷನ್ ಅಂಗಡಿ ಅಥವಾ ಸಂತೆ ನೋಡಿ ಬರೆಯುತ್ತಾರೆ.

ಆ ನೋಟ್‌ಬುಕ್ಕೇ ನಮ್ಮ ಬಂಡವಾಳ.

ಡರ್ಖೀಮ್ ಬಂದಾಗ ಕೇಳುತ್ತೇನೆ, ಹಾಲು ಪರೀಕ್ಷೆ ಮಾಡುವವರು ಒಂದು ದಿನ ಬರದಿದ್ದರೆ ಏನಾಗುತ್ತದೆ? ಹಾಲಿನ ಗಾಡಿ ಬರದಿದ್ದರೆ? ಇಡೀ ಊರಿಗೆ ತೊಂದರೆ. ಕೆಲಸ ಹಂಚಿಹೋದ ಕಡೆ ಜನ ಒಬ್ಬರಿಗೊಬ್ಬರು ಹೇಗೆ ಕಟ್ಟುಬೀಳುತ್ತಾರೆ ಅನ್ನುವುದು ಅವರ ನೋಟ್‌ಬುಕ್ಕಿನಲ್ಲೇ ಇರುತ್ತದೆ.

ವೆಬರ್ ಪಾಠಕ್ಕಂತೂ ಡೇರಿ ಹೇಳಿ ಮಾಡಿಸಿದ ಜಾಗ. ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ: ನೀವು ಯಾರ ಮಾತು ಕೇಳುತ್ತೀರಿ, ಯಾಕೆ? ಅಜ್ಜಿ ಹೇಳಿದ್ದನ್ನು ಹಿಂದಿನಿಂದ ನಡೆದು ಬಂದಿದೆ ಅಂತ ಕೇಳುತ್ತೀರಿ. ಒಬ್ಬ ನಾಯಕನ ಮಾತನ್ನು ಆತನ ಸೆಳೆತಕ್ಕೆ ಕೇಳುತ್ತೀರಿ. ಮೂರನೆಯದು ಯಾವುದು? ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು ಹೇಳಿದಳು: "ಡೇರಿ ಕಾರ್ಯದರ್ಶಿ ನಮ್ಮ ದೊಡ್ಡಪ್ಪನೇ ಮೇಡಂ. ಆದ್ರೂ ಲ್ಯಾಕ್ಟೋಮೀಟರ್ ಡಿಗ್ರಿ ಕಮ್ಮಿ ತೋರಿಸ್ತು ಅಂತ ನಮ್ಮ ಹಾಲು ವಾಪಸ್ ಕಳಿಸಿದ್ರು." ನಾನು ಸುಮ್ಮನೆ ಆ ಮಾತನ್ನು ಹಾಗೇ ಬೋರ್ಡಿನ ಮೇಲೆ ಬರೆದೆ. ಕೆಳಗೆ ಬರೆದೆ: ಕಾನೂನುಬದ್ಧ ಅಧಿಕಾರ. ಮನುಷ್ಯ ದೊಡ್ಡಪ್ಪ, ಆದರೆ ಕುರ್ಚಿ ಕಾರ್ಯದರ್ಶಿಯದು. ರಿಜಿಸ್ಟರು, ರಸೀದಿ, ಫ್ಯಾಟಿನ ಲೆಕ್ಕ, ಎಲ್ಲರಿಗೂ ಒಂದೇ ನಿಯಮ. ಇದನ್ನೇ ವೆಬರ್ ಅಧಿಕಾರಶಾಹಿ ಅಂದಿದ್ದು.

ತಕ್ಷಣ ಇನ್ನೊಬ್ಬ ಹುಡುಗ ತಕರಾರು ತೆಗೆದ. ಎಲ್ಲ ಕಡೆ ಹಾಗೆ ನಡೆಯುವುದಿಲ್ಲ, ಬೇಕಾದವರಿಗೆ ಬೇರೆ ಲೆಕ್ಕ ಇರುತ್ತದೆ ಅಂದ. ಈ ತಕರಾರು ಬರಲಿ ಅಂತಲೇ ನಾನು ಪ್ರತಿ ವರ್ಷ ಕಾಯುತ್ತೇನೆ. ಯಾಕಂದರೆ ಇಲ್ಲೇ 'ಆದರ್ಶ ಮಾದರಿ' ಹೇಳಿಕೊಡಬಹುದು. ಇದೂ ಕಾಲಿಗೆ ತೊಡರುವ ಪದ. ಕನ್ನಡದಲ್ಲಿ ಆದರ್ಶ ಅಂದರೆ ಒಳ್ಳೆಯದು, ಅನುಸರಿಸಬೇಕಾದ್ದು. ಹಾಗಾಗಿ ಮಕ್ಕಳು ವೆಬರ್ ಕಚೇರಿಗಳನ್ನು ಹೊಗಳಿದ ಅಂದುಕೊಳ್ಳುತ್ತಾರೆ. ಅದು ಹೊಗಳಿಕೆ ಅಲ್ಲ, ಅಳತೆಗೆ ಇಟ್ಟುಕೊಂಡ ಸೇರು ಅನ್ನುತ್ತೇನೆ. ಸೇರು ಸರಿಯಾಗಿದ್ದರೆ ತಾನೇ ರಾಗಿ ಎಷ್ಟು ಕಮ್ಮಿ ಬಿತ್ತು ಅಂತ ಗೊತ್ತಾಗುವುದು? ನಿಯಮ ಹೇಗಿರಬೇಕಿತ್ತು ಅನ್ನುವ ಚಿತ್ರ ಮನಸ್ಸಿನಲ್ಲಿ ಇದ್ದುದಕ್ಕೇ ಆ ಹುಡುಗನಿಗೆ ಎಲ್ಲಿ ಏನು ತಪ್ಪಿದೆ ಅಂತ ಕಂಡಿದ್ದು.

ಮಾರ್ಕ್ಸ್ ವಿಷಯಕ್ಕೆ ಡೇರಿ ಪೂರ್ತಿ ಸಾಕಾಗಲಿಲ್ಲ. ಹಸು ಮನೆಯದೇ, ಸಂಘ ಸದಸ್ಯರದೇ. ಮಾಲೀಕ ಯಾರು, ಕೂಲಿ ಯಾರು ಅಂತ ಬಿಡಿಸಿ ತೋರಿಸುವುದು ಕಷ್ಟ. ಆದರೆ ಒಬ್ಬ ಹುಡುಗನ ಅಕ್ಕ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಪರಕೀಯತೆ ಅನ್ನುವ ಪದ ಬಂದಾಗ ಮಕ್ಕಳು ಪರದೇಶದವರು ಅಂತ ಅರ್ಥ ಮಾಡಿಕೊಂಡಿದ್ದರು. ಅಕ್ಕ ಏನು ಕೆಲಸ ಮಾಡುತ್ತಾಳೆ ಅಂತ ಅವನನ್ನು ಕೇಳಿದೆ. "ಕಾಲರ್ ಮೇಡಂ. ಬರೀ ಕಾಲರ್. ದಿನವಿಡೀ." ಆ ಶರ್ಟು ಎಲ್ಲಿಗೆ ಹೋಗುತ್ತದೆ? ಗೊತ್ತಿಲ್ಲ. ಯಾರು ಹಾಕಿಕೊಳ್ಳುತ್ತಾರೆ? ಗೊತ್ತಿಲ್ಲ. ಎಷ್ಟಕ್ಕೆ ಮಾರುತ್ತಾರೆ? ಅದೂ ಗೊತ್ತಿಲ್ಲ. ತನ್ನ ಕೈ ಮಾಡಿದ ವಸ್ತು ತನಗೇ ಬೇರೆಯವರದಾಗಿ ಹೋಗುವುದು ಅಂತ ಮಾರ್ಕ್ಸ್ 1844ರಲ್ಲಿ, 26 ವಯಸ್ಸಿನಲ್ಲಿ ಬರೆದಿಟ್ಟದ್ದು ಇದನ್ನೇ. ಆ ಹಸ್ತಪ್ರತಿ ಅಚ್ಚಾಗಿದ್ದು ಆತ ತೀರಿಹೋದ ಎಷ್ಟೋ ವರ್ಷದ ಮೇಲೆ, 1932ರಲ್ಲಿ. ಆ ದಿನ ತರಗತಿ ತುಂಬಾ ಹೊತ್ತು ಮೌನವಾಗಿತ್ತು.

ಅದೇ ವಾರ ಇನ್ನೊಬ್ಬಳು ಡೇರಿ ನೋಟ್‌ಬುಕ್ ತಂದು ತೋರಿಸಿದಳು. ಅಮ್ಮನ ದಿನ ಬರೆದಿದ್ದಳು. ನಾಲ್ಕೂವರೆಗೆ ಏಳುವುದು, ಕೊಟ್ಟಿಗೆ ಬಾಚುವುದು, ಹಿಂಡಿ ಬೂಸಾ ಕಲಸುವುದು, ಹಾಲು ಕರೆಯುವುದು, ಹುಲ್ಲು ಕೊಯ್ಯುವುದು, ಸಂಜೆ ಮತ್ತೆ ಕರೆಯುವುದು. ಕೊನೆಯ ಸಾಲು: ಪಾಸ್‌ಬುಕ್ಕು ಅಪ್ಪನ ಹೆಸರಲ್ಲಿದೆ. ಇದು ಮಾರ್ಕ್ಸ್ ಸಿದ್ಧಾಂತಕ್ಕೆ ಬರುತ್ತದಾ ಮೇಡಂ ಅಂತ ಕೇಳಿದಳು. ವರ್ಗ ಅನ್ನುವ ಮಾತೊಂದರಿಂದ ಇದು ಬಗೆಹರಿಯುವುದಿಲ್ಲ, ಸಂಬಳವಿಲ್ಲದ ಮನೆಗೆಲಸದ ಪ್ರಶ್ನೆಯನ್ನು ಎತ್ತಿದವರು ಸ್ತ್ರೀವಾದಿಗಳು ಅಂತ ಹೇಳಿ ಎರಡು ಪಿರಿಯಡ್ ಅದಕ್ಕೇ ಕೊಟ್ಟೆ. ಪಾಠದ ಯೋಜನೆಯಲ್ಲಿ ಅದು ಇರಲಿಲ್ಲ. ಆದರೆ ಸಿದ್ಧಾಂತಕ್ಕೂ ಒಂದು ಮಿತಿ ಇದೆ, ಅದು ತಲುಪದ ಕಡೆ ಇನ್ನೊಂದು ಹುಟ್ಟುತ್ತದೆ ಅಂತ ಮಕ್ಕಳಿಗೆ ಗೊತ್ತಾಗಿದ್ದು ಆ ಎರಡು ಪಿರಿಯಡ್‌ನಲ್ಲಿ.

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರ ಪಾಠದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಅದನ್ನು ಹೇಳಲೇಬೇಕು. 'ಪ್ರಬಲ ಜಾತಿ', ಅಂದರೆ ಊರಿನಲ್ಲಿ ಮೇಲುಗೈ ಇರುವ ಜಾತಿ, ಅನ್ನುವುದನ್ನು ವಿವರಿಸಲು, ನಿಮ್ಮೂರಲ್ಲಿ ಯಾವ ಜಾತಿಯ ಎಷ್ಟು ಮನೆ ಇವೆ ಎಂದು ಎದ್ದು ನಿಂತು ಹೇಳಿ ಅಂದೆ. ಇಬ್ಬರು ಮೂವರು ಜೋರಾಗಿ ಹೇಳಿದರು. ಒಬ್ಬ ಹುಡುಗ ತಲೆ ತಗ್ಗಿಸಿದವನು ಎತ್ತಲಿಲ್ಲ. ಎರಡು ದಿನ ಕಾಲೇಜಿಗೆ ಬರಲಿಲ್ಲ. ಆಮೇಲೆ ಅವನನ್ನು ಕೂರಿಸಿಕೊಂಡು ತಪ್ಪಾಯಿತು ಅಂತ ಹೇಳಿದೆ. ಅಂದಿನಿಂದ ತರಗತಿಯಲ್ಲಿ ಯಾರ ಜಾತಿಯನ್ನೂ ಬಾಯಿ ಬಿಡಿಸುವುದಿಲ್ಲ. ಶ್ರೀನಿವಾಸ್ ಹೇಳಿದ ಗುರುತುಗಳನ್ನೇ ಹಿಡಿದುಕೊಳ್ಳುತ್ತೇನೆ: ಜನಸಂಖ್ಯೆ, ಜಮೀನು, ರಾಜಕೀಯ ಬಲ, ಓದು ಮತ್ತು ನೌಕರಿ. ಊರಿನ ಹೆಸರಾಗಲಿ, ಜನರ ಹೆಸರಾಗಲಿ ಹೇಳದೆ ಒಂದು ನಕ್ಷೆ ಬರೆಯಿರಿ ಅನ್ನುತ್ತೇನೆ. ನೀರಾವರಿ ಜಮೀನು ಯಾವ ಬೀದಿಯವರದು, ಡಾಂಬರು ರಸ್ತೆ ಎಲ್ಲಿಗೆ ನಿಂತಿದೆ, ಸಂಘದ ನಿರ್ದೇಶಕರು ಯಾವ ಬೀದಿಯವರು. ನಕ್ಷೆ ತಾನೇ ಮಾತಾಡುತ್ತದೆ.

ಶ್ರೀನಿವಾಸ್ ನಮ್ಮ ಮೈಸೂರಿನವರು ಅಂದರೆ ಮಕ್ಕಳಿಗೆ ಒಂಥರಾ ಖುಷಿ. 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯಲ್ಲಿ ಹೋಗಿ ಇದ್ದು, ಅದನ್ನು ರಾಂಪುರ ಅಂತ ಬೇರೆ ಹೆಸರಿನಿಂದ ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಚೇರಿಗೆ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದಲೇ ಆ ಹಳ್ಳಿಯ ಪುಸ್ತಕ ಬರೆದರು, 1976ರಲ್ಲಿ ಹೊರಬಂತು. ಈ ಕಥೆ ಹೇಳಿದ ಮೇಲೆ ಮಕ್ಕಳು ತಮ್ಮ ಡೇರಿ ನೋಟ್‌ಬುಕ್ಕನ್ನು ಜೋಪಾನವಾಗಿ ಇಟ್ಟುಕೊಳ್ಳುವುದನ್ನು ನೋಡಿದ್ದೇನೆ.

ಒಂದು ಸಲ ಒಬ್ಬ ಹುಡುಗ ಕೇಳಿದ, "ಕ್ಯಾನ್‌ನಲ್ಲಿ ಎಲ್ಲರ ಹಾಲೂ ಬೆರೆತು ಹೋಗುತ್ತಲ್ವಾ ಮೇಡಂ, ಹಾಗಾದ್ರೆ ಜಾತಿ ಹೋಯ್ತು ಅಂತಾನಾ?" ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ. ಅಂಬೇಡ್ಕರ್ ಅವರನ್ನು ಆಗಲೇ ತರಗತಿಗೆ ತಂದೆ. 1916ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, 25 ವರ್ಷದ ವಿದ್ಯಾರ್ಥಿಯಾಗಿ ಅವರು ಓದಿದ ಪ್ರಬಂಧದ ತಿರುಳು ಇಷ್ಟು: ಜಾತಿ ನಿಂತಿರುವುದು ತಮ್ಮೊಳಗೇ ಮದುವೆ ಮಾಡಿಕೊಳ್ಳುವ ಕಟ್ಟಳೆಯ ಮೇಲೆ. ಹಾಲು ಬೆರೆತಿದ್ದು ನಿಜ. ಮದುವೆ ವಿಷಯ ಬಂದಾಗ ಏನಾಗುತ್ತದೆ ನೋಡಿ ಅಂದೆ. ಮುಂದಿನದನ್ನು ಅವರೇ ಮಾತಾಡಿಕೊಂಡರು. ನಾನು ಕಿಟಕಿ ಹತ್ತಿರ ನಿಂತು ಕೇಳಿಸಿಕೊಂಡೆ.

ಆತ್ಮಹತ್ಯೆಯ ಬಗ್ಗೆ ಡರ್ಖೀಮ್ 1897ರಲ್ಲಿ ಬರೆದದ್ದನ್ನು ಬಹಳ ಎಚ್ಚರದಿಂದ ಕಲಿಸುತ್ತೇನೆ. ನಮ್ಮದು ಕಬ್ಬು ಬೆಳೆಗಾರರ ಜಿಲ್ಲೆ, ಸಾಲದ ಸಂಕಟ ಮನೆಯಲ್ಲೇ ನೋಡಿದ ಮಕ್ಕಳು ಎದುರಿಗೆ ಕೂತಿರುತ್ತಾರೆ. ಹಿಂದಿನ ದಿನವೇ ತಿಳಿಸುತ್ತೇನೆ, ಬೇಡ ಅನ್ನಿಸಿದವರು ಗ್ರಂಥಾಲಯದಲ್ಲಿ ಕೂರಬಹುದು. ಒಬ್ಬರ ಕಥೆಯನ್ನೂ ಹೇಳುವುದಿಲ್ಲ, ಹೇಳಿಸುವುದಿಲ್ಲ. ಒಬ್ಬ ಮನುಷ್ಯನ ದುಃಖ ಅನ್ನಿಸುವುದಕ್ಕೂ ಸಮಾಜದ ಕಾರಣಗಳಿರುತ್ತವೆ, ಜೊತೆಗೆ ಜನ ಇರುವುದು ಮನುಷ್ಯನನ್ನು ಕಾಪಾಡುತ್ತದೆ ಅನ್ನುವ ಅಂಶಕ್ಕೆ ನಿಲ್ಲಿಸುತ್ತೇನೆ. ಪಾಠ ಮುಗಿದ ಮೇಲೆ ಅರ್ಧ ಗಂಟೆ ಸ್ಟಾಫ್ ರೂಮಿನ ಹೊರಗೆ ಕೂತಿರುತ್ತೇನೆ. ಯಾರಾದರೂ ಬಂದು ಮಾತಾಡುವುದಿದ್ದರೆ ಮಾತಾಡಲಿ ಅಂತ. ಬಂದಿದ್ದಾರೆ.

ಪರೀಕ್ಷೆ ಏನಾಗುತ್ತದೆ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕೊನೆಯ ತಿಂಗಳು ಪೂರ್ತಿ ಬರೆಸುತ್ತೇನೆ. ವ್ಯಾಖ್ಯೆ, ವರ್ಷ, ಪಠ್ಯದ ಉದಾಹರಣೆ ಮೊದಲು. ತಮ್ಮ ಊರಿನದು ಕೊನೆಗೆ ಒಂದೇ ಸಾಲು. ಹೊರಗಿನ ಮೌಲ್ಯಮಾಪಕರಿಗೆ ಗೊಂದಲ ಆಗಬಾರದು. ಪ್ರಾಜೆಕ್ಟಿಗಂತೂ ಡೇರಿ ನೋಟ್‌ಬುಕ್ಕೇ ಇರುತ್ತದೆ, ಗೈಡ್ ನೋಡಿ ಬರೆಯುವ ಕಷ್ಟ ಇಲ್ಲ.

ಸಾಂಕೇತಿಕ ಅಂತರಕ್ರಿಯಾವಾದ, ಅಂದರೆ ಮಾತು, ನೋಟ, ಸನ್ನೆಗಳಿಗೆ ಜನ ಕೊಡುವ ಅರ್ಥದಿಂದ ಸಮಾಜವನ್ನು ನೋಡುವ ಸಿದ್ಧಾಂತ, ಮಾತ್ರ ಇನ್ನೂ ನನ್ನ ಕೈಗೆ ಪೂರ್ತಿ ಸಿಕ್ಕಿಲ್ಲ. ಚಾರ್ಲ್ಸ್ ಕೂಲಿ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞ 1902ರಲ್ಲಿ ಹೇಳಿದ 'ಕನ್ನಡಿಯಲ್ಲಿ ಕಾಣುವ ನಾನು' (ಬೇರೆಯವರ ಕಣ್ಣಿಗೆ ಹೇಗೆ ಕಾಣುತ್ತೇವೆ ಅಂದುಕೊಳ್ಳುತ್ತೇವೋ ಅದರಿಂದ ನಮ್ಮನ್ನು ನಾವು ಅರಿಯುವುದು) ಅನ್ನುವುದನ್ನು ವಾಟ್ಸಾಪ್ ಡಿಪಿ ಇಟ್ಟುಕೊಂಡು ಕಲಿಸಿ ನೋಡಿದೆ. ಮಕ್ಕಳು ನಕ್ಕರು, ಒಪ್ಪಿದರು, ಆದರೆ ಮಾತು ಅಲ್ಲಿಗೇ ನಿಂತಿತು. ಈ ವರ್ಷ ಮತ್ತೆ ಡೇರಿಗೇ ಹೋಗೋಣ ಅಂತಿದ್ದೇನೆ. ಹಾಲು ವಾಪಸ್ಸಾದವರು ಕ್ಯಾನ್ ಹಿಡಿದುಕೊಂಡು ಸಾಲಿನ ಪಕ್ಕದಲ್ಲಿ ನಡೆದು ಹೋಗುತ್ತಾರಲ್ಲ, ಆಗ ಯಾರ ಕಡೆ ನೋಡುತ್ತಾರೆ, ಯಾರ ಕಡೆ ನೋಡುವುದಿಲ್ಲ? ಸೋಮವಾರ ಇದನ್ನೇ ನೋಡಿಕೊಂಡು ಬರಲು ಹೇಳಿದ್ದೇನೆ.