ಲಾಫಯೆಟ್‌ನ ಮ್ಯೂಸಿಕ್ ಬಾರಲ್ಲಿ ನಾನು ಗಂಬೋ ಮಾಡೋದು ಕಲ್ತಿದ್ದು

ಗಂಬೋ ಸಾರಿಗೆ ಅಂತ ನಾನು ಮೊದಲ್ನೇ ಸಲ ಮಾಡಿದ ರೂ, ಅಂದ್ರೆ ಎಣ್ಣೆಲಿ ಹುರಿಯೋ ಮೈದಾ, ಸೀದೋಯ್ತು. 8 ಕಪ್ ಎಣ್ಣೆ, 8 ಕಪ್ ಮೈದಾ, ಐವತ್ತು ನಿಮಿಷ ಕೈಯಾಡ್ಸಿದ್ದು ಎಲ್ಲ ದಂಡ, ಯಾಕಂದ್ರೆ ಹೊರಗಡೆ ಬ್ಯಾಂಡ್‌ನೋರು ಅಕಾರ್ಡಿಯನ್ ಶುರು ಮಾಡಿದ್ರು ಅಂತ ಬಾಗ್ಲಲ್ಲಿ ಇಣುಕಿ ನೋಡಕ್ಕೋಗಿ ಒಂದ್ ನಿಮಿಷ ಸೌಟು ಬಿಟ್ಟೆ. ವಾಪಸ್ ಬರೋ ಅಷ್ಟೊತ್ಗೆ ಕರೀ ಚುಕ್ಕೆ ಎದ್ದಿತ್ತು. ಅಲ್ಲಿನ ಅಡುಗೆಯವರು ತಾಂತ್ ಬಂದು ಬಗ್ಗಿ ಮೂಸಿ ನೋಡಿದ್ರು, ಬಯ್ಲಿಲ್ಲ, "ಚೆಲ್ಬಿಡು ಶಾ, ಹೊಸದಾಗಿ ಇಡು" ಅಂದ್ರು ಅಷ್ಟೇ.

ತಾಂತ್ ಅಂದ್ರೆ ಫ್ರೆಂಚಲ್ಲಿ ಚಿಕ್ಕಮ್ಮ, ಅತ್ತೆ ಎರಡೂ ಆಗತ್ತೆ, ಅಡುಗೆಮನೆಲಿ ಎಲ್ರೂ ಅವ್ರನ್ನ ಹಂಗೇ ಕರೆಯೋದು. ಶಾ ಅನ್ನೋದು ನಮ್ ಕಡೆ 'ಮಗಾ' ಅಂತೀವಲ್ಲ ಆ ತರ. ನಾನು ಮಂಡ್ಯ ಕಡೆಯೋನು, ಕೆಲ್ಸದ ಮೇಲೆ ಅಮೆರಿಕದ ಲೂಯಿಸಿಯಾನಾಗೆ ಬಂದು ಲಾಫಯೆಟ್‌ನಲ್ಲಿ ಮನೆ ಮಾಡಿದ್ದೆ, ಶನಿವಾರ ಆದ್ರೆ ಪಿಟೀಲು ಕೇಳಕ್ಕೆ ಅಂತ ಈ ಬಾರಿಗೆ ಹೋಗೋದು, ಹೋಗ್ತಾ ಹೋಗ್ತಾ ಅಡುಗೆಮನೆಲಿ ಈರುಳ್ಳಿ ಹೆಚ್ಚೋಕೆ ಕೈ ಜೋಡ್ಸಿದೆ, ಆಮೇಲೆ ಎರಡು ವರ್ಷ ಅಲ್ಲೇ ವೀಕೆಂಡ್ ಕಳೆದೆ. ಈಗ ಬರೀತಿರೋದು ಎರಡನೇ ವರ್ಷದ ಮಾರ್ಡಿ ಗ್ರಾಗೆ, ಅಂದ್ರೆ ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸ ಶುರುವಾಗೋ ಹಿಂದಿನ ದಿನದ ಹಬ್ಬಕ್ಕೆ, 80 ಜನಕ್ಕೆ ನಾನೇ ನಿಂತು ಗಂಬೋ ಮಾಡಿದ್ದು ಹೆಂಗೆ ಅಂತ.

ಗಂಬೋ ಅಂದ್ರೆ ಅನ್ನದ ಮೇಲೆ ಹಾಕ್ಕೊಂಡು ತಿನ್ನೋ ಸಾರು, ಅದರ ಜೀವ ಇರೋದು ರೂನಲ್ಲಿ. ಎಣ್ಣೆ ಎಷ್ಟು ಕಪ್ ಅಳತೆನೋ ಮೈದಾನೂ ಅಷ್ಟೇ ಅಳತೆ. ದಪ್ಪ ತಳದ ಕಬ್ಬಿಣದ ಪಾತ್ರೆ, ಅಂಚು ಚಪ್ಪಟೆ ಇರೋ ಮರದ ಸೌಟು, ಯಾಕಂದ್ರೆ ಮೊದಲು ಸೀಯೋದು ಮೂಲೆನೇ, ಅಲ್ಲಿಗೆ ಸೌಟು ಮುಟ್ಬೇಕು. ಉರಿ ಸಣ್ಣಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮೊದಲು ಹಸಿ ಹಿಟ್ಟಿನ ವಾಸನೆ, ಆಮೇಲೆ ಪಾಪ್‌ಕಾರ್ನ್ ಘಮ, ಬಣ್ಣ ಹುರಿದ ಕಡ್ಲೆಕಾಯಿ ಬೀಜದ್ದು. ಅಲ್ಲಿಂದ ತಾಮ್ರದ ಬಣ್ಣಕ್ಕೆ ಬರಕ್ಕೆ ಇನ್ನೊಂದ್ ಹದಿನೈದು ಇಪ್ಪತ್ತು ನಿಮಿಷ. ಆಮೇಲೆ ಹಳೇ ಬೆಲ್ಲದ ಬಣ್ಣ, ಕಾಫಿ ಬೀಜ ಹುರಿಯೋ ತರ ವಾಸನೆ, ಅಲ್ಲಿ ನಿಲ್ಲಿಸ್ಬೇಕು. ಈ ಕೊನೇ ಹತ್ತು ನಿಮಿಷನೇ ಕಷ್ಟ, ಬಣ್ಣ ಕಣ್ಮುಂದೆನೇ ಓಡತ್ತೆ, ಸಕ್ಕರೆ ಪಾಕದ ತರ ಚರ್ಮಕ್ಕೆ ಅಂಟ್ಕೊಳ್ಳತ್ತೆ ಬೇರೆ, ನನ್ ಮಣಿಕಟ್ಟಲ್ಲಿ ಇವತ್ತೂ ಎರಡು ಗುರುತಿದೆ.

ನಮ್ ತಾತಂದು ಆಲೆಮನೆ ಇತ್ತು. ಕೊಪ್ಪರಿಗೆ ಮುಂದೆ ನಿಂತೋರು ಹದ ಬರೋ ಹೊತ್ತಲ್ಲಿ ಯಾರ ಜೊತೆನೂ ಮಾತಾಡ್ತಿರ್ಲಿಲ್ಲ, ಮನೆಯಿಂದ ಕರೆ ಬಂದ್ರೂ ತಿರುಗ್ತಿರ್ಲಿಲ್ಲ, ಚಿಕ್ಕೋನಿದ್ದಾಗ ಅದು ಜಂಬ ಅನ್ಕೊಂಡಿದ್ದೆ. ಲಾಫಯೆಟ್‌ನಲ್ಲಿ ಸೌಟು ಹಿಡ್ಕೊಂಡು ನಿಂತಾಗ ಅರ್ಥ ಆಯ್ತು. ಆಮೇಲೆ ನಾನೊಂದು ರೂಲ್ ಮಾಡ್ಕೊಂಡೆ, ರೂ ಶುರು ಮಾಡೋಕೆ ಮುಂಚೆ ಈರುಳ್ಳಿ, ಸೆಲರಿ, ದಪ್ಪ ಮೆಣಸಿನಕಾಯಿ ಎಲ್ಲ ಹೆಚ್ಚಿ ಒಲೆ ಪಕ್ಕ ಇಟ್ಕೊಂಡಿರ್ಬೇಕು, ಫೋನು ಬೇರೆ ರೂಮಲ್ಲಿ. ಈ ಮೂರನ್ನ ಅಲ್ಲಿ ಟ್ರಿನಿಟಿ ಅಂತಾರೆ, ಕ್ರಿಶ್ಚಿಯನ್ನರ ತ್ರಿಮೂರ್ತಿ ಲೆಕ್ಕ. ಬಣ್ಣ ಬಂದ ಕ್ಷಣಕ್ಕೆ ಟ್ರಿನಿಟಿ ಸುರೀಬೇಕು, ಜೋರಾಗಿ ಸುಂಯ್ ಅನ್ನತ್ತೆ, ತರಕಾರಿ ನೀರು ರೂ ಬಿಸಿನ ಇಳಿಸತ್ತೆ, ಅಲ್ಲಿಗೆ ಸೀಯೋ ಭಯ ಮುಗೀತು. ತರಕಾರಿ ಹೆಚ್ಚಿರ್ಲಿಲ್ಲ ಅಂದ್ರೆ ಆ ರೂನ ದೇವ್ರೂ ಉಳಿಸಲ್ಲ.

ಆ ದಿನದ ಲೆಕ್ಕ: ಕೋಳಿ 12 ಕೆಜಿ, ಹೊಗೆ ಹಾಕಿದ ಆಂಡೂಯಿ ಸಾಸೇಜ್ 6 ಕೆಜಿ, ಈರುಳ್ಳಿ 5 ಕೆಜಿ, ಸೆಲರಿ ಮತ್ತೆ ದಪ್ಪ ಮೆಣಸಿನಕಾಯಿ ಅದರ ಅರ್ಧರ್ಧ, ಬೆಳ್ಳುಳ್ಳಿ ಧಾರಾಳ, ಬಿರ್ಯಾನಿ ಎಲೆ, ಕೆಂಪು ಮೆಣಸಿನ ಪುಡಿ, ಕೋಳಿ ಮೂಳೆ ಬೇಯಿಸಿದ ನೀರು 30 ಲೀಟರ್ ಹತ್ರ. ಸಾಸೇಜ್ ಮೊದಲೇ ಬಾಣಲೆಲಿ ಕೆಂಪಗೆ ಹುರ್ಕೊಂಡು ಆ ಕೊಬ್ಬನ್ನ ರೂ ಎಣ್ಣೆ ಜೊತೆ ಸೇರ್ಸಿದ್ದು, ಹೊಗೆ ರುಚಿ ಸಾರಿಗೆಲ್ಲ ಹತ್ತೋದು ಅದ್ರಿಂದ್ಲೇ. ರೂ ಕಪ್ಪಾದಷ್ಟೂ ರುಚಿ ಜಾಸ್ತಿ ಆದ್ರೆ ಗಟ್ಟಿ ಮಾಡೋ ಶಕ್ತಿ ಕಮ್ಮಿ, ಇದು ಗೊತ್ತಿಲ್ದೆ ಮೊದಮೊದ್ಲು ಸಾರು ತೆಳ್ಳಗಾಯ್ತು ಅಂತ ಒದ್ದಾಡ್ತಿದ್ದೆ, ತೆಳ್ಳಗೇ ಇರ್ಬೇಕು ಅಂತ ತಾಂತ್ ಹೇಳಿದ್ಮೇಲೆ ಸಮಾಧಾನ ಆಯ್ತು.

ಬೆಂಡೆಕಾಯಿ ವಿಷ್ಯ ಹೇಳ್ಲೇಬೇಕು. ಗಂಬೋ ಅನ್ನೋ ಹೆಸ್ರೇ ಆಫ್ರಿಕಾದಿಂದ ಗುಲಾಮರಾಗಿ ಹಿಡ್ಕೊಂಡು ಬಂದ ಜನ ಬೆಂಡೆಕಾಯಿಗೆ ಹೇಳ್ತಿದ್ದ ಮಾತು. ಲೋಳೆ ಹೋಗೋವರ್ಗೂ ಬೇರೆ ಬಾಣಲೆಲಿ ಹುರಿದು ಹಾಕ್ತಾರೆ, ನಮ್ಮನೆ ಬೆಂಡೆಕಾಯಿ ಗೊಜ್ಜಿಗೆ ಹುರಿಯೋ ತರಾನೇ. ಬೆಂಡೆಕಾಯಿ ಹಾಕ್ದೆ ಇದ್ರೆ ಫೀಲೇ, ಅಂದ್ರೆ ಸಾಸಫ್ರಾಸ್ ಮರದ ಎಲೆ ಒಣಗಿಸಿದ ಪುಡಿ, ಚೊಕ್ಟಾ ಅನ್ನೋ ಮೂಲನಿವಾಸಿ ಜನ ಕಲಿಸಿದ್ದು. ಅದನ್ನ ಕುದಿಯೋ ಪಾತ್ರೆಗೆ ಹಾಕಿದ್ರೆ ಎಳೆ ಎಳೆ ಆಗಿ ಅಂಟಂಟಾಗತ್ತೆ, ಒಲೆ ಆರಿಸಿದ ಮೇಲೆ, ಇಲ್ಲಾಂದ್ರೆ ತಟ್ಟೆಗೇ ಉದುರಿಸ್ಕೋಬೇಕು. ಒಂದ್ ಪಾತ್ರೆ ಒಳಗೆ ಆಫ್ರಿಕಾ, ಫ್ರಾನ್ಸ್, ಮೂಲನಿವಾಸಿಗಳು ಮೂರೂ ಇದೆ ಅಂತ ನನಗೆ ಅದನ್ನ ಬಡಿಸೋವಾಗೆಲ್ಲ ಅನ್ಸೋದು.

ಲೂಯಿಸಿಯಾನಾದಲ್ಲಿ ಎರಡು ತರ ಅಡುಗೆ, ಕೇಜನ್ ಬೇರೆ ಕ್ರಿಯೋಲ್ ಬೇರೆ, ಟೊಮೇಟೊ ಹಾಕಿದ್ರೆ ಕ್ರಿಯೋಲ್ ಅಂತ ಎಲ್ರೂ ಹೇಳ್ತಾರೆ, ನಾನೂ ನಂಬಿದ್ದೆ. ಅದು ನ್ಯೂ ಆರ್ಲಿಯನ್ಸ್ ಸಿಟಿ ಅಡುಗೆಗೆ ಸರಿ. ಲಾಫಯೆಟ್, ಒಪೆಲೂಸಸ್ ಕಡೆ ಹಳ್ಳಿಗಳಲ್ಲಿ ಕ್ರಿಯೋಲ್ ಅಂದ್ರೆ ಫ್ರೆಂಚ್ ಮಾತಾಡ್ತಿದ್ದ ಕಪ್ಪು ಜನ, ತಾಂತ್ ಅವ್ರ ಪೈಕಿ, ಅವ್ರ ಗಂಬೋಗೆ ಟೊಮೇಟೊ ಹಾಕೋಕೆ ಹೋದ್ರೆ ಕೈ ಹಿಡ್ದು ತಡೀತಿದ್ರು. ನಮ್ಮ ಇನ್ನೊಬ್ಬ ಅಡುಗೆಯವರು ಮಮೂ ಊರಿನ ಕಡೆಯ ಕೇಜನ್, 1755ರಿಂದ ಬ್ರಿಟಿಷರು ಕೆನಡಾದ ನೋವಾ ಸ್ಕೋಷಿಯಾದಿಂದ ಓಡಿಸಿದ, ಫ್ರೆಂಚ್ ಮಾತಾಡ್ತಿದ್ದ ಅಕೇಡಿಯನ್ ಜನರ ವಂಶ, ಅಕೇಡಿಯನ್ ಅನ್ನೋದೇ ಸವೆದು ಕೇಜನ್ ಆಗಿದ್ದು. ಇಬ್ರ ಗಂಬೋನೂ ಪಕ್ಕಪಕ್ಕ ಇಟ್ರೆ ನಂಗೆ ವ್ಯತ್ಯಾಸ ಸಿಗ್ತಿರ್ಲಿಲ್ಲ. ಇಬ್ರಿಗೂ ಇನ್ನೊಂದು ನೋವು ಒಂದೇ, 1921ರಲ್ಲಿ ಲೂಯಿಸಿಯಾನಾ ಸಂವಿಧಾನ ಸ್ಕೂಲಲ್ಲಿ ಇಂಗ್ಲಿಷೇ ಅಂತ ಮಾಡ್ತು, ತಾಂತ್ ಅವ್ರ ಅಪ್ಪ ಫ್ರೆಂಚಲ್ಲಿ ನೀರು ಕೇಳಿದ್ದಕ್ಕೆ ಏಟು ತಿಂದಿದ್ರಂತೆ. ಹಾಡಲ್ಲಿ ಮಾತ್ರ ಫ್ರೆಂಚ್ ಉಳ್ಕೊಂಡಿತು ಅಂತ ಅವ್ರು ಹೇಳೋವಾಗ ನಾನು ಕನ್ನಡದೋನಾಗಿ ಸುಮ್ನೆ ಕೇಳಿಸ್ಕೊಂಡು ಹೋಗಕ್ಕೆ ಆಗ್ಲಿಲ್ಲ.

ಹಾಡಿನ ಸಂಗತಿ ಅಂದ್ರೆ, ಅಲ್ಲಿ ಅಡುಗೆಯ ಟೈಮ್ ನೋಡೋದು ಬ್ಯಾಂಡಿಂದ. ಕೇಜನ್ ಬ್ಯಾಂಡಲ್ಲಿ ಪಿಟೀಲು, ಗುಂಡಿ ಒತ್ತಿ ನುಡಿಸೋ ಚಿಕ್ಕ ಅಕಾರ್ಡಿಯನ್, ಕಬ್ಬಿಣದ ತ್ರಿಕೋನ, ಅದನ್ನ ಹಿಂದೆ ಹುಲ್ಲು ಬಾಚೋ ಯಂತ್ರದ ಹಲ್ಲು ಬಗ್ಗಿಸಿ ಮಾಡ್ತಿದ್ರಂತೆ. ಝೈಡಿಕೋ ಸಂಗೀತ ಆದ್ರೆ ಕ್ರಿಯೋಲ್ ಜನರದ್ದು, ಎದೆಗೆ ತಗಡಿನ ಅಂಗಿ ಹಾಕ್ಕೊಂಡು ಬಾಟಲ್ ಓಪನರಲ್ಲಿ ಕೆರೆದು ತಾಳ ಹಾಕ್ತಾರೆ, ಆ ತಗಡಿಗೆ ಫ್ರೋಟ್ವಾರ್ ಅಂತಾರೆ, ಈಗಿನ ರೂಪ ಬಂದಿದ್ದು ಒಪೆಲೂಸಸ್ ಕಡೆಯ ಕ್ಲಿಫ್ಟನ್ ಶೆನಿಯೇ ಅವ್ರಿಂದ. ಝೈಡಿಕೋ ಅನ್ನೋ ಹೆಸ್ರು ಫ್ರೆಂಚಿನ 'ಲೇಝಾರಿಕೋ'ದಿಂದ ಬಂತು ಅಂತಾರೆ, ಅಂದ್ರೆ ಹುರುಳಿಕಾಯಿ, ಕಾಯಿಗೆ ಉಪ್ಪಿಲ್ಲ ಅಂತ ಒಂದು ಮಾತು, ಹಾಕೋಕೆ ಉಪ್ಪು ಮಾಂಸ ಇಲ್ದಷ್ಟು ಬಡತನ ಅಂತ. ಒಂದು ಸೆಟ್ಟು ಮುಕ್ಕಾಲು ಗಂಟೆ, ಜನ ಕುಣೀತಾ ಇರೋವರ್ಗೂ ಯಾರೂ ತಿನ್ನಲ್ಲ, ಬ್ಯಾಂಡ್ ಬ್ರೇಕ್ ಅಂದ ತಕ್ಷಣ ಎಲ್ರೂ ಒಟ್ಟಿಗೆ ಬರ್ತಾರೆ. ಹಂಗಾಗಿ ಕೊನೇ ವಾಲ್ಟ್ಝ್ ಶುರುವಾದ್ರೆ ಅನ್ನ ಬಟ್ಟಲಿಗೆ ಹಾಕೋಕೆ ಶುರು ಮಾಡ್ಬೇಕು. ಇದನ್ನ ನಾನು ಕಿವಿಯಿಂದ ಕಲ್ತೆ.

ಮಾರ್ಡಿ ಗ್ರಾ ಮಂಗಳವಾರ ಬೆಳಿಗ್ಗೆ ಮಮೂ, ಯೂನಿಸ್ ಕಡೆ ಕೂರೀರ್ ಅಂತ ಮಾಡ್ತಾರೆ, ಚಿಂದಿ ಬಟ್ಟೆ ಹೊಲ್ಕೊಂಡು ಮುಖವಾಡ, ಚೂಪು ಟೋಪಿ ಹಾಕ್ಕೊಂಡು ಕುದುರೆ ಮೇಲೆ, ಟ್ರೇಲರ್ ಮೇಲೆ ಮನೆಮನೆಗೆ ಹೋಗಿ ಗಂಬೋಗೆ ಸಾಮಾನು ಬೇಡೋದು, ಮನೆಯೋರು ಜೀವಂತ ಕೋಳಿ ಎಸೆದ್ರೆ ಗದ್ದೆ ಕೆಸರಲ್ಲಿ ಅಟ್ಟಿಸ್ಕೊಂಡು ಹಿಡಿಯೋದು. ಕಾಮನ ಹಬ್ಬಕ್ಕೆ ನಾವು ಹುಡುಗ್ರು ಸೌದೆ ಬೆರಣಿ ಕೇಳ್ಕೊಂಡು ಹೋಗ್ತಿದ್ದಿದ್ದೇ ನೆನಪಾಯ್ತು. ನಾನು ಒಂದು ಗಂಟೆ ನೋಡಿ ಓಡಿಬಂದೆ, ಒಲೆ ಮೇಲೆ ಕೆಲ್ಸ ಇತ್ತು.

ಹ್ಯೂಸ್ಟನ್‌ನಿಂದ ಮೂರೂವರೆ ಗಂಟೆ ಕಾರಲ್ಲಿ ಬಂದಿದ್ದ ನಮ್ ಕನ್ನಡದ ಫ್ರೆಂಡ್ಸಲ್ಲಿ ನಾಲ್ಕು ಜನ ಮಾಂಸ ತಿನ್ನಲ್ಲ, ಅವ್ರಿಗೆ ಬೇರೆ ಪಾತ್ರೆಲಿ ಸೊಪ್ಪಿನ ಗಂಬೋ ಮಾಡ್ದೆ. ಇದು ನಾನು ಕಂಡುಹಿಡಿದಿದ್ದಲ್ಲ, ಗಂಬೋ ಝೆರ್ಬ್ ಅಂತ ಹಳೇ ಅಡುಗೆ, ನ್ಯೂ ಆರ್ಲಿಯನ್ಸ್‌ನ ಡೂಕಿ ಚೇಸ್ ರೆಸ್ಟೋರೆಂಟಲ್ಲಿ ಲಿಯಾ ಚೇಸ್ ಅವ್ರು ಈಸ್ಟರ್ ಹಿಂದಿನ ಗುರುವಾರ ಮಾಡ್ತಿದ್ದಿದ್ದು ತುಂಬಾ ಹೆಸರುವಾಸಿ, ಅವ್ರದ್ರಲ್ಲಿ ಮಾಂಸ ಇರ್ತಿತ್ತು, ನಾನು ಬಿಟ್ಟೆ. ಕಪ್ಪು ಬಿಳಿ ಜನ ಒಟ್ಟಿಗೆ ಕೂತು ತಿನ್ನೋದು ಕಾನೂನಿಗೆ ವಿರುದ್ಧ ಇದ್ದ ಕಾಲದಲ್ಲೇ ಒಟ್ಟಿಗೆ ಕೂರಿಸಿ ಬಡಿಸಿದ ಮನೆ ಅದು, ಲಿಯಾ ಅವ್ರು 2019ರಲ್ಲಿ 96 ವಯಸ್ಸಿಗೆ ತೀರ್ಕೊಂಡ್ರು. ಸೊಪ್ಪು ಬೆಸ ಸಂಖ್ಯೆಲೇ ಇರ್ಬೇಕು, ಎಷ್ಟು ತರ ಸೊಪ್ಪೋ ಅಷ್ಟು ಹೊಸ ಸ್ನೇಹಿತರು ಸಿಗ್ತಾರೆ ಅಂತ ನಂಬಿಕೆ. ನಾನು ಸಾಸಿವೆ ಸೊಪ್ಪು, ಕಾಲರ್ಡ್, ಟರ್ನಿಪ್ ಸೊಪ್ಪು, ಪಾಲಕ್, ಎಲೆಕೋಸು, ಪಾರ್ಸ್ಲಿ, ಕ್ಯಾರೆಟ್ ಸೊಪ್ಪು ಏಳು ಹಾಕ್ದೆ. ಬೇಯಿಸಿ, ಬಸಿದು, ಸೊಪ್ಪು ರುಬ್ಬಿ, ಬಸಿದ ನೀರನ್ನೇ ಸಾರಿಗೆ ಹಾಕೋದು. ಬೆರಕೆ ಸೊಪ್ಪಿನ ಬಸ್ಸಾರು ತಿಂದು ಬೆಳೆದೋನಿಗೆ ಇದನ್ನ ಯಾರೂ ಹೇಳ್ಕೊಡ್ಬೇಕಾಗಿರ್ಲಿಲ್ಲ. ತಾಂತ್ ಒಂದು ಚಮಚ ಬಾಯಿಗೆ ಹಾಕ್ಕೊಂಡು, ಇನ್ನೊಂದು ಚಮಚ ತಗೊಂಡ್ರು.

ರಾತ್ರಿ 12ಕ್ಕೆ ಬ್ಯಾಂಡ್ ನಿಲ್ತು, ಬುಧವಾರದಿಂದ ಲೆಂಟ್ ಉಪವಾಸ, ಅದಕ್ಕಿಂತ ಒಂದು ನಿಮಿಷ ಆಚೆಗೆ ನುಡಿಸಲ್ಲ. ಉಳಿದ ಹತ್ತು ಲೀಟರ್ ಗಂಬೋನ ದೊಡ್ಡ ಪಾತ್ರೆಲೇ ಬಿಟ್ರೆ ಬೆಳಿಗ್ಗೆಗೆ ಹಳಸತ್ತೆ, ಒಳಗಿನ ಬಿಸಿ ಇಳಿಯೋದೇ ಇಲ್ಲ, ಹಿಂದಿನ ವರ್ಷ ಹಂಗೇ ಒಂದು ಪಾತ್ರೆ ಪೂರ್ತಿ ಚೆಲ್ಲಿದ್ವಿ. ಈ ಸಲ ಅಗಲ ತಟ್ಟೆಗಳಿಗೆ ಎರಡು ಇಂಚು ಎತ್ತರಕ್ಕೆ ಸುರಿದು ಸಿಂಕಲ್ಲಿ ಐಸ್ ಹಾಕಿ ಮೇಲಿಟ್ವಿ. ಪಿಟೀಲಿನವರು ಪಿಟೀಲು ಪೆಟ್ಟಿಗೆಗೆ ಹಾಕಿ ಅಡುಗೆಮನೆಗೆ ಬಂದು, ತಣ್ಣಗಾಗೋವರ್ಗೂ ಕಾದು, ಮನೆಗೆ ಒಂದು ಡಬ್ಬ ತುಂಬಿಸ್ಕೊಂಡು ಹೋದ್ರು, ಸೊಪ್ಪಿನದ್ದೇ ಕೇಳಿ, ಯಾಕಂದ್ರೆ ಮಾರನೇ ದಿನ ಮಾಂಸ ಮುಟ್ಟಂಗಿಲ್ವಲ್ಲ.