ಅಂಕ ಹಾಕುವ ಕೆಲಸ ನನ್ನ ಪಾಲಿಗೆ ಬಂದಾಗ

ನೀರೊಳಗೆ ಗಿಡ ಬೆಳೆಸಿ, ಕಲ್ಲು-ಮೀನು ಜೋಡಿಸಿ ಅಂದ ಮಾಡುವ ಗಿಡದ ಅಕ್ವೇರಿಯಂ ಸ್ಪರ್ಧೆಗೆ ನಾನೇ ಟ್ಯಾಂಕ್ ಇಡುತ್ತಿದ್ದಾಗ ತೀರ್ಪುಗಾರರ ಮೇಲೆ ಒಂದಲ್ಲ ಒಂದು ತಕರಾರು ಇದ್ದೇ ಇರುತ್ತಿತ್ತು. ಹವ್ಯಾಸಿ ಗೆಳೆಯರೆಲ್ಲ ಸೇರಿ ಪುಟ್ಟ ಸ್ಪರ್ಧೆ ಇಟ್ಟುಕೊಂಡಾಗ, 'ಇಷ್ಟು ಮಾತಾಡ್ತೀಯಲ್ಲ, ಈ ಸಲ ಅಂಕ ನೀನೇ ಹಾಕು' ಎಂದರು. ಒಟ್ಟು ಹನ್ನೊಂದು ಟ್ಯಾಂಕ್.

ಅಂಕಪಟ್ಟಿಗಾಗಿ ದೊಡ್ಡ ಸ್ಪರ್ಧೆಗಳ ಕಡೆ ನೋಡಿದೆ. ಗಿಡದ ಅಕ್ವೇರಿಯಂ ಕಲೆಗೆ ಹೆಸರಾದ ಜಪಾನಿನ ತಕಾಶಿ ಅಮಾನೋ ಅವರ ಕಂಪನಿ 2001ರಲ್ಲಿ ಶುರು ಮಾಡಿದ ಅಂತರರಾಷ್ಟ್ರೀಯ ಸ್ಪರ್ಧೆ ಐಎಪಿಎಲ್‌ಸಿಯ ಪಟ್ಟಿಯಲ್ಲಿ 100ಕ್ಕೆ 50 ಅಂಕ ಒಂದೇ ಅಂಶಕ್ಕಿತ್ತು: ಮೀನಿನ ಸಹಜ ನೆಲೆ ಮೂಡಿದೆಯಾ ಎಂಬುದಕ್ಕೆ. ಉಳಿದ ಐದಕ್ಕೆ ತಲಾ 10. ಅಮೆರಿಕದ ಅಕ್ವಾಟಿಕ್ ಗಾರ್ಡನರ್ಸ್ ಅಸೋಸಿಯೇಷನ್‌ನ ಲೆಕ್ಕ ಬೇರೆ. ಒಟ್ಟಾರೆ ಪರಿಣಾಮಕ್ಕೆ 35, ಜೋಡಣೆ, ಜಾಗದ ಬಳಕೆ, ಬಣ್ಣಕ್ಕೆ 30, ಸಾಮಗ್ರಿಯ ಆಯ್ಕೆಗೆ 20, ಬಾಳಿಕೆಗೆ, ಅಂದರೆ ಟ್ಯಾಂಕ್ ಹೀಗೇ ಬೆಳೆದು ಉಳಿಯುತ್ತದೆಯಾ ಎಂಬುದಕ್ಕೆ, 15. ನಾನು ಈ ಎರಡನೆಯದನ್ನೇ ಎತ್ತಿಕೊಂಡೆ.

ಎಡವಿದ್ದು ಕಾಲಂಗಳ ಕ್ರಮದಲ್ಲಿ. 'ಒಟ್ಟಾರೆ' ಎಂಬುದು ಮೊದಲಿಗಿತ್ತು. ಕೆಂಪು ರೊಟಾಲಾ ಗಿಡ ತುಂಬಿದ ಒಂದು ಟ್ಯಾಂಕ್ ಕಂಡಿದ್ದೇ ತಡ, 33 ಹಾಕಿಬಿಟ್ಟೆ. ಆಮೇಲೆ ಉಳಿದ ಕಾಲಂಗಳಲ್ಲೂ ಕೈ ತಾನಾಗಿ ಧಾರಾಳವಾಯಿತು. ಎರಡನೇ ಸುತ್ತು ಬಂದು ಬಗ್ಗಿ ನೋಡಿದರೆ, ಅದರಲ್ಲಿ ಅನುಬಿಯಾಸ್ ಎಂಬ ಗಿಡದ ಗೆಡ್ಡೆಯಂಥ ದಪ್ಪ ಕಾಂಡವನ್ನೇ ಮಣ್ಣಲ್ಲಿ ಹೂತಿದ್ದರು. ಅದು ಕೊಳೆಯುತ್ತದೆ. ಬೇರು ಮಾತ್ರ ಕೆಳಗಿಳಿಯಬೇಕು, ಕಾಂಡ ಮೇಲಿರಬೇಕು. ಹಾಳೆ ಹರಿದು ಹೊಸದಾಗಿ ಶುರು ಮಾಡಿದೆ. ಈ ಸಲ ಬಾಳಿಕೆ ಮೊದಲು, 'ಒಟ್ಟಾರೆ' ಕೊನೆಗೆ.

ಬಾಳಿಕೆ ನೋಡುವುದಕ್ಕೆ ಮಂಡಿಯೂರಿ ಕೂರಬೇಕು. ಮುಂದಿನ ಗಾಜಿಗೆ ತಾಗಿದ ಮಣ್ಣಿನಲ್ಲಿ ಬಿಳಿ ಬೇರು ಹಬ್ಬಿದ್ದರೆ, ನೆಲಕ್ಕೆ ಹಾಸಿದಂತೆ ಹರಡುವ ಕಾರ್ಪೆಟ್ ಗಿಡ ಅಲ್ಲೇ ಬೆಳೆದಿದೆ ಎಂದರ್ಥ. ಮೇಲೆ ಹಸಿರು ಚಾಪೆ, ಕೆಳಗೆ ಬೇರೇ ಇಲ್ಲ ಎಂದರೆ ಮೊನ್ನೆ ಮೊನ್ನೆ ತಂದು ಹಾಸಿದ್ದು. ಹಿಂದಿನ ಉದ್ದ ಗಿಡಗಳ ಬುಡವನ್ನೂ ನೋಡುತ್ತೇನೆ. ತುದಿ ಸೊಂಪಾಗಿದ್ದು ಬುಡ ಬೋಳಾಗಿದ್ದರೆ ಬೆಳಕು ಕೆಳಗಿಳಿಯುತ್ತಿಲ್ಲ, ಕತ್ತರಿ ಸರಿಯಾಗಿ ಆಡಿಲ್ಲ. ಕಲ್ಲಿನ ಮೇಲೆ ಚೂರು ಪಾಚಿ ಕಂಡರೆ ನಾನು ಅಂಕ ಕಳೆಯುವುದಿಲ್ಲ. ಬದುಕಿರುವ ಟ್ಯಾಂಕ್‌ನಲ್ಲಿ ಅಷ್ಟೂ ಇರಬಾರದಾ?

ಜಗಳವಾಗಿದ್ದು ಮೀನಿನ ವಿಷಯಕ್ಕೆ. 60 ಸೆಂಟಿಮೀಟರ್ ಟ್ಯಾಂಕ್‌ನಲ್ಲಿ ಒಬ್ಬರು ಕಲ್ಲಿನ ಬೆಟ್ಟಸಾಲು ಮಾಡಿದ್ದರು. ನಿಜಕ್ಕೂ ಚೆಂದ. ಆದರೆ ನಡುವೆ ಎರಡು ಏಂಜಲ್ ಮೀನು. ಅವು ಈಜಿ ಬಂದಾಗ ಬೆಟ್ಟವೆಲ್ಲ ಬೆಣಚುಕಲ್ಲಾಗಿ ಕಾಣುತ್ತಿತ್ತು. ಅದೇ ಕಲ್ಲಿನ ಮುಂದೆ ಬೆರಳುಗುರಿನಷ್ಟು ಟೆಟ್ರಾ ಮೀನುಗಳ ಹಿಂಡು ಇದ್ದಿದ್ದರೆ ಬೆಟ್ಟ ಎತ್ತರವಾಗಿ ಕಾಣುತ್ತಿತ್ತು. ಜೋಡಣೆಯಲ್ಲಿ ಆರು ಅಂಕ ಕಳೆದೆ. 'ಮೀನು ದೊಡ್ಡದಿದ್ದರೂ ತಪ್ಪಾ?' ಎಂದು ರೇಗಿದರು.

ಇನ್ನೊಂದರಲ್ಲಿ ಒಣಗಿದ ಬೇರುಗಳಿಗೆ ಮಾಸ್ ಎಂಬ ಪುಟ್ಟ ಹಸಿರು ಸಸ್ಯ ಅಂಟಿಸಿ ಇಡೀ ಕಾಡನ್ನೇ ನಿಲ್ಲಿಸಿದ್ದರು. ಮೀನುಗಳು ಹಕ್ಕಿಗಳ ಹಾಗೆ ಮರಗಳ ಮೇಲೆ ಹಾರುತ್ತಿದ್ದವು. ಕೈಚಳಕಕ್ಕೆ ಮನಸಾರೆ ಅಂಕ ಕೊಟ್ಟೆ. ಆದರೂ ನನಗೆ ಅದು ನೀರಿನೊಳಗಿನ ಜಾಗ ಅನ್ನಿಸಲಿಲ್ಲ. ಇದು ನನ್ನ ಹಳೇ ಹಟ, ಒಪ್ಪಿಕೊಳ್ಳುತ್ತೇನೆ.

ಪೈಪು, ಹೀಟರ್ ಕಂಡಿದ್ದಕ್ಕೆ ಏನೂ ಕಳೆಯಲಿಲ್ಲ. ಫೋಟೋ ಸ್ಪರ್ಧೆಯಾದರೆ ಅವನ್ನು ತೆಗೆದಿಟ್ಟು ಕ್ಲಿಕ್ಕಿಸಬಹುದು, ಹೇರ್ ಡ್ರೈಯರ್‌ನಿಂದ ಊದಿ ನೀರಿನ ಮೇಲೆ ಅಲೆಯನ್ನೂ ಎಬ್ಬಿಸಬಹುದು. ಎದುರಿಗಿಟ್ಟ ಟ್ಯಾಂಕ್‌ನಲ್ಲಿ ಮೀನು ಉಸಿರಾಡಬೇಕಲ್ವಾ?

ಕೆಂಪು ಟ್ಯಾಂಕ್ ನಾಲ್ಕನೇ ಸ್ಥಾನಕ್ಕೆ ಇಳಿಯಿತು. ಅದು ನನ್ನ ಆಪ್ತ ಗೆಳೆಯನದೇ. ಅಂಕಪಟ್ಟಿ ಹಿಡಿದು ಬಂದು ಸುಮ್ನೆ ನಿಂತ. ನಾನೂ ವಾದಕ್ಕಿಳಿಯದೆ ಅನುಬಿಯಾಸ್ ಎತ್ತು ಎಂದೆ. ಮಣ್ಣಲ್ಲಿದ್ದ ಕಾಂಡ ಕಂದು ಬಣ್ಣಕ್ಕೆ ತಿರುಗಿ, ಒತ್ತಿದರೆ ಮೆತ್ತಗಿತ್ತು. ಕೊಳೆತ ಭಾಗ ಕತ್ತರಿಸಿ ಹಾಕಿ, 'ದಾರ ಇದೆಯೇನೋ?' ಎಂದು ಕೇಳಿದ. ಉಳಿದ ತುಂಡನ್ನು ಇಬ್ಬರೂ ಕೂತು ಕಲ್ಲಿಗೆ ಕಟ್ಟಿದೆವು.